ಹಸಿರು ಚಾಪೆಯ ಮನೆ

ನಾನು ಒಂದು ಶಿಶುವಿಹಾರದಲ್ಲಿ ಕೆಲಸ ಮಾಡುತ್ತೇನೆ. ನನ್ನ ಮಗಳೂ ಹಗಲೆಲ್ಲ ಅಲ್ಲೇ ಇರುತ್ತಾಳೆ. ಅವಳಿಗೆ ಮೂರೂವರೆ ವರ್ಷ. ತುತ್ತನ್ನು ನುಂಗದೆ ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಾಳೆಂದು ಅವಳಪ್ಪ ಅವಳನ್ನು ಅಳಿಲು ಎಂದು ಕರೆಯುತ್ತಿದ್ದರು. ಆ ಹೆಸರು ಉಳಿಯಿತು. ಅವರು ಉಳಿಯಲಿಲ್ಲ. ಲಿಫ್ಟ್ ರಿಪೇರಿ ಅವರ ಕೆಲಸ. ಒಂದು ಬೆಳಿಗ್ಗೆ ಹೋದವರು ತಿರುಗಿ ಬರಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಶಿಶುವಿಹಾರದ ಒಳಗೆ ನಾನು ಅವಳಿಗೂ ಮಿಸ್. ಬೇರೆ ಮಕ್ಕಳಿಗೆ ಹೊಟ್ಟೆಕಿಚ್ಚಾಗಬಾರದೆಂದು ಮಾಡಿದ ನಿಯಮ. ಅಳಿಲು ಅದನ್ನು ಬೇಗ ಕಲಿತಳು. ಗೇಟಿನ ಒಳಗೆ ಕಾಲಿಟ್ಟರೆ ಮಿಸ್, ಹೊರಗಿಟ್ಟರೆ ಅಮ್ಮ. ಒಮ್ಮೆಯೂ ತಪ್ಪಿದ್ದಿಲ್ಲ. "ಮಂತ್ರಿ ಆಗ್ತಾಳೆ ಬಿಡಿ ನಿಮ್ ಮಗಳು, ಜಾಗ ನೋಡಿ ಮಾತು ಬದಲಾಯಿಸ್ತಾಳೆ" ಎಂದು ಆಯಾ ನಗುತ್ತಿದ್ದಳು.

ಅಲ್ಲಿ ಕಥೆ ಹೇಳುವ ಕೆಲಸ ನನ್ನದು. ಮಾತಿಗೆ ಮೊದಲು ನೆಲದ ಮೇಲೆ ಒಂದು ಬಟ್ಟೆ ಹಾಸುತ್ತೇನೆ. ನೀಲಿ ಹಾಸಿದರೆ ನೀರು. ಮಕ್ಕಳು ಕಾಲು ಎತ್ತಿಕೊಳ್ಳುತ್ತಾರೆ. ಕಪ್ಪು ಹಾಸಿದರೆ ಗುಹೆ, ತಾವಾಗಿಯೇ ಪಿಸುಗುಡುತ್ತಾರೆ. ಎಂ.ಎ. ಪರೀಕ್ಷೆಯಲ್ಲಿ ನಾನು, ಕಥೆಯಲ್ಲಿ ಸ್ಥಳವೆಂದರೆ ಪಾತ್ರಗಳ ಹಿಂದೆ ಇಳಿಬಿಟ್ಟ ಪರದೆ ಎಂದು ಬರೆದಿದ್ದೆ. ಒಳ್ಳೆಯ ಅಂಕವೇ ಬಂದಿತ್ತು.

ಮನೆಯಲ್ಲಿ ಬಾಗಿಲ ಪಕ್ಕ ಒಂದು ಮರದ ಬೆಂಚಿತ್ತು. ಅವರು ಕೆಲಸದಿಂದ ಬಂದು ಅದರ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು. ಅಳಿಲು ಆ ಬೂಟುಗಳೊಳಗೆ ಕೈ ತೂರಿಸಿಕೊಂಡು ಅಂಬೆಗಾಲಲ್ಲಿ ಅಡುಗೆಮನೆಯವರೆಗೂ ಟಪಟಪ ಬರುತ್ತಿದ್ದಳು. ಅವರು ಹೋದಮೇಲೆ, ಮನೆಗೆ ಬಂದ ಕೂಡಲೇ ಬೆಂಚಿನ ಕೆಳಗೆ ನುಸುಳಿ ಬಾಗಿಲಿಗೆ ಮುಖಮಾಡಿ ಕೂರತೊಡಗಿದಳು. ತಟ್ಟೆಯನ್ನು ಅಲ್ಲಿಗೇ ಒಯ್ದರೂ ಬಾಯಿ ತೆರೆಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಕೇಳಿದರೆ ಬೆನ್ನು ನೆಟ್ಟಗಾಗುತ್ತಿತ್ತು. ಹೆಜ್ಜೆ ಮೇಲಿನ ಮಹಡಿಗೆ ಹೋಗುತ್ತಿತ್ತು. ದಿನದಿಂದ ದಿನಕ್ಕೆ ಕಡ್ಡಿಯಾದಳು.

ಮಗು ಒಂದು ಜಾಗಕ್ಕೆ ಕಚ್ಚಿಕೊಂಡು ಅತ್ತರೆ ಶಿಶುವಿಹಾರದಲ್ಲಿ ನಾವು ಮಗುವಿಗೆ ಏನೂ ಹೇಳುವುದಿಲ್ಲ, ಜಾಗವನ್ನೇ ಬದಲಾಯಿಸುತ್ತೇವೆ. ತಾಯಿ ಹೋದದ್ದು ಕಂಡ ಕಿಟಕಿಯ ಬಳಿ ನಿಂತು ಅಳುವ ಮಗುವಿದ್ದರೆ ಮರುದಿನ ಅಲ್ಲಿ ಮೀನಿನ ತೊಟ್ಟಿ ಇರುತ್ತದೆ, ಅಲ್ಲಿದ್ದ ಕಪಾಟು ಇನ್ನೆಲ್ಲೋ ಇರುತ್ತದೆ. ಮಗು ಬರುತ್ತದೆ, ನೋಡುತ್ತದೆ, ಆಟಕ್ಕೆ ಹೋಗುತ್ತದೆ. ಈ ಉಪಾಯ ಕೈಕೊಟ್ಟದ್ದೇ ಇಲ್ಲ.

"ಅದನ್ನೇ ಮನೇಲೂ ಮಾಡು" ಎಂದರು ನಮ್ಮ ಮುಖ್ಯಸ್ಥೆ. ಅವರನ್ನು ಎಲ್ಲರೂ ದೊಡ್ಡ ಮಿಸ್ ಎನ್ನುತ್ತಾರೆ. "ಆ ಬೆಂಚು ಇರೋವರೆಗೂ ಮಗು ಕಾಯುತ್ತೆ ಕಣೇ. ನಮ್ಮ ಹಳೇ ಚಾಪೆ, ಗಿಡ್ಡ ಕಪಾಟು ಹಾಗೇ ಬಿದ್ದಿವೆ. ತಗೊಂಡು ಹೋಗು."

ನನ್ನ ಅಣ್ಣ ಗ್ಯಾರೇಜ್ ಇಟ್ಟಿದ್ದಾನೆ. ರಜೆಯ ದಿನ ಬಣ್ಣದ ಡಬ್ಬ ಹಿಡಿದು ಬಂದ. ಮಗುವನ್ನು ಆಯಾಳ ಮನೆಗೆ ಕಳಿಸಿದೆ.

"ಹಿಡಿದ ಕೆಲಸ ಅರ್ಧಕ್ಕೆ ಬಿಡೋ ಆಸಾಮಿ ಅಲ್ಲ ನಾನು," ಎಂದ ಏಣಿ ಹತ್ತುತ್ತಾ, "ನನ್ನ ಮದುವೆ ಒಂದು ಬಿಟ್ಟು."

ನಾನು ನಗಲಿಲ್ಲ. ಅವನು ನಗಿಸುವುದನ್ನು ಬಿಡಲಿಲ್ಲ. ಹಳದಿ ಗೋಡೆಗೆ ತಿಳಿ ನೀಲಿ ಬಳಿದ. ಹಸಿರು ಚಾಪೆ ಹಾಸಿ, ಗಿಡ್ಡ ಕಪಾಟು ನಿಲ್ಲಿಸಿ, ಅದರ ಮೇಲೆ ಆಟದ ಸಾಮಾನು ಜೋಡಿಸಿದೆವು. ಬೆಂಚನ್ನು ಅವನು ಗ್ಯಾರೇಜಿಗೆ ಸಾಗಿಸಿದ. ಬೂಟುಗಳನ್ನು ನಾನು ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಯಾರದೋ ಮನೆಯ ಕೆಲಸದ ಹಾಗಿತ್ತು.

ಸಂಜೆ ಅಳಿಲು ಹೊಸ್ತಿಲಲ್ಲಿ ನಿಂತು ಸುತ್ತಲೂ ನೋಡಿದಳು. ಆಮೇಲೆ ಚಪ್ಪಲಿ ಬಿಚ್ಚಿ ಜೋಡಿಸಿಟ್ಟು, ಚಾಪೆಯ ಮೇಲೆ ಕೂತು ಮರದ ತುಂಡುಗಳನ್ನು ಪೇರಿಸತೊಡಗಿದಳು. ಕರೆದ ಕೂಡಲೇ ಊಟಕ್ಕೆ ಬಂದಳು. ತಟ್ಟೆ ಖಾಲಿ ಮಾಡಿದಳು.

"ನೋಡಿದ್ಯಾ? ಬಣ್ಣದ ಗುಣ ಅಂದ್ರೆ ಇದು!" ಅಣ್ಣ ಎದೆ ತಟ್ಟಿಕೊಂಡ.

"ಮಿಸ್, ನೀರು" ಎಂದಳು ಅಳಿಲು.

ಅಣ್ಣ ಬಿದ್ದು ಬಿದ್ದು ನಕ್ಕ. "ಲೇ ಟೀಚರಮ್ಮ, ಮನೇಲೂ ಡ್ಯೂಟಿ ನಿಂಗೆ!"

ನೀರು ಕುಡಿದು ಅವಳು ತಟ್ಟೆಯನ್ನು ತಾನೇ ತೊಳೆಯುವ ಜಾಗಕ್ಕೆ ಒಯ್ದಿಟ್ಟಳು. ಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲ ಬಳಿ ಕೂತಳು. ಶಿಶುವಿಹಾರದಲ್ಲಿ ಮುಚ್ಚುವ ಹೊತ್ತಿಗೆ ಎಲ್ಲ ಮಕ್ಕಳೂ ಹಾಗೇ ಕೂರುತ್ತಾರೆ.

"ಮಿಸ್, ನಮ್ಮಮ್ಮ ಯಾವಾಗ ಬರ್ತಾಳೆ?"

ಅಣ್ಣನ ನಗು ನಿಂತಿತು.

"ನಾನೇ ಕಣೇ ನಿನ್ನಮ್ಮ" ಎಂದೆ.

ಅವಳು ನಕ್ಕಳು. ದೊಡ್ಡವರು ತಮಾಷೆ ಮಾಡಿದಾಗ ಮಕ್ಕಳು ಮರ್ಯಾದೆಗೆ ನಗುತ್ತಾರಲ್ಲ, ಹಾಗೆ. "ಇಲ್ಲಿ ಅಲ್ಲ" ಎಂದಳು.

ವಾರ ಕಳೆದರೂ ಅದೇ. ಉಣ್ಣುತ್ತಾಳೆ, ಆಡುತ್ತಾಳೆ, ಹೇಳಿದ್ದು ಕೇಳುತ್ತಾಳೆ. ಹೇಳದೆಯೇ ಆಟದ ಸಾಮಾನು ಎತ್ತಿಡುತ್ತಾಳೆ. ಆಮೇಲೆ ಚೀಲ ಹಾಕಿಕೊಂಡು ಬಾಗಿಲ ಬಳಿ ಕೂತು, ನನ್ನ ಎದುರಿಗೇ ನನಗಾಗಿ ಕಾಯುತ್ತಾಳೆ. ಜಾಗ ಬದಲಾಯಿಸುವ ನಮ್ಮ ಉಪಾಯ ಯಾಕೆ ಯಾವತ್ತೂ ಕೈಕೊಟ್ಟಿರಲಿಲ್ಲ ಎಂಬುದು ಆಗ ತಿಳಿಯಿತು. ಆ ಮಕ್ಕಳಿಗೆಲ್ಲ ಸಂಜೆ ಹೋಗಲು ಬದಲಾಗದ ಒಂದು ಮನೆ ಇತ್ತು.

ಬೆಂಚು ವಾಪಸ್ ತಾ ಎಂದು ಅಣ್ಣನಿಗೆ ಹೇಳಿದೆ. ಮರುದಿನವೇ ತಂದ. ಅದರ ಮೇಲೆ ಎಂಜಿನ್ ಬಿಚ್ಚಿದ್ದನಂತೆ. ಸೋಪು ಹಾಕಿ ಉಜ್ಜಿದರೂ ಎಣ್ಣೆಯ ಕಪ್ಪು ಹೋಗಿರಲಿಲ್ಲ. ಚಾಪೆ ಸುತ್ತಿಟ್ಟೆ. ಕಪಾಟು ಹೊರಗೆ ಹಾಕಿದೆ. ಬೆಂಚನ್ನು ಮೊದಲಿದ್ದಲ್ಲೇ ಇಟ್ಟು ಬೂಟುಗಳನ್ನೂ ಇಳಿಸಿ ಅದರ ಕೆಳಗಿಟ್ಟೆ. ಅವಳು ಮತ್ತೆ ಅಪ್ಪನಿಗಾಗಿ ಕಾಯಲಿ, ಅಡ್ಡಿಯಿಲ್ಲ ಎನ್ನಿಸಿತ್ತು.

ಅಳಿಲು ಬೆಂಚಿನ ಸುತ್ತ ಒಂದು ಸುತ್ತು ಬಂದಳು. ಬೂಟುಗಳನ್ನು ಮುಟ್ಟಲಿಲ್ಲ.

"ಮಿಸ್, ಇದು ಯಾರದು?"

"ಅಪ್ಪಂದು ಕಣೇ."

"ಯಾರಪ್ಪಂದು?"

ಅಣ್ಣ ಗೋಡೆಗೆ ತಿರುಗಿ ನಿಂತ. "ಹಳದಿ ಬಣ್ಣ ಬಳೀಲಾ? ಈಗಲೇ ಬಳೀತೀನಿ" ಎಂದ. ಬೇಡವೆಂದೆ.

ಮರುದಿನ ಶಿಶುವಿಹಾರದಲ್ಲಿ ದೊಡ್ಡ ಮಿಸ್ ನನ್ನ ಬೆನ್ನು ಸವರಿದರು. "ಮಕ್ಕಳು ಹೊಂದ್ಕೋತಾವೆ. ಸ್ವಲ್ಪ ದಿನ ತಡಿ."

ಆ ದಿನ ಕಥೆಯ ಹೊತ್ತಿಗೆ ಕೈಗೆ ಸಿಕ್ಕಿದ ಬಟ್ಟೆ ಹಾಸಿದೆ. ಹಳದಿ. ಇದೊಂದು ಮನೆ ಎಂದೆ. ಮಕ್ಕಳು ಮನೆಯೊಳಗೆ ಕೂತಂತೆ ಕಾಲು ಮಡಿಸಿ ಕೂತರು.

"ಇಲ್ಲಿ ಯಾರಿದಾರೆ?"

"ಆನೆ!" ಎಂದ ಒಬ್ಬ. "ಆನೆ ಹಿಡಿಸಲ್ವೋ, ದಡ್ಡ" ಎಂದಳು ಇನ್ನೊಬ್ಬಳು.

"ನಮ್ಮಪ್ಪ ಇದಾರೆ" ಎಂದಳು ಅಳಿಲು. "ಅಮ್ಮನೂ ಅಲ್ಲೇ ಹೋದ್ಲು."

"ಏನು ಮಾಡ್ತಿದಾರೆ?"

"ಅಪ್ಪ ಬೂಟು ಬಿಚ್ತಿದಾರೆ. ಅಮ್ಮ ಪಕ್ಕ ಕೂತಿದಾಳೆ. ನಾನು ಇನ್ನೂ ಹೋಗಿಲ್ಲ."

ಮಕ್ಕಳು ಆಮೇಲೇನಾಯಿತೆಂದು ಕೇಳಿದರು. ಆ ಹಳದಿ ಬಟ್ಟೆಯ ಮೇಲೆ ಅವಳಪ್ಪನ ಪಕ್ಕ ಕೂತಿದ್ದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚಾಯಿತು. ಬಹಳ ದಿನಗಳ ಮೇಲೆ ನನಗೆ ಏನಾದರೂ ಅನ್ನಿಸಿದ್ದು ಅದೊಂದೇ.

ಗೇಟು ದಾಟಿದ ಕೂಡಲೇ ಅಳಿಲು ನನ್ನ ಬೆರಳು ಹಿಡಿದಳು. "ಅಮ್ಮ, ಎಷ್ಟೊತ್ತು ಬರೋದು ನೀನು!"

ಬೀದಿಯಲ್ಲಿ ನಾನಿನ್ನೂ ಅವಳ ಅಮ್ಮ. ಗೇಟಿನಿಂದ ನಮ್ಮ ಮೆಟ್ಟಿಲವರೆಗೆ ಒಂದೇ ಬೀದಿ. ನಾನು ಮನೆಯ ಕಡೆಗೆ ಎಡಕ್ಕೆ ತಿರುಗದೆ ಬಲಕ್ಕೆ ತಿರುಗಿದೆ. ಬೇಕರಿ, ಔಷಧಿ ಅಂಗಡಿ, ಸೈಕಲ್ ಶಾಪು. ಅಮ್ಮ, ಆ ನಾಯಿಗೆ ಬಾಲ ಇಲ್ಲ. ಅಮ್ಮ, ಎತ್ಕೋ. ಅಮ್ಮ, ಇಳಿಸು. ನಮ್ಮ ಕಟ್ಟಡದ ಕೆಳಗಿನ ಟೈಲರ್ ಹೊಲಿಗೆಯಿಂದ ತಲೆ ಎತ್ತಿದ. "ಏನ್ ತಾಯಿ, ಮನೆ ದಾರಿ ಮರೆತ್ರಾ? ಇದು ಎರಡನೇ ಸಲ ಹಾದುಹೋಗ್ತಿರೋದು!"

"ಗಾಳಿಗೆ" ಎಂದೆ.

ಅವನು ಬಾಗಿಲೆಳೆಯುವ ಹೊತ್ತಿಗೆ ಇನ್ನೊಮ್ಮೆ ಬಂದೆವು. ದೀಪಗಳು ಹತ್ತಿಕೊಂಡಿದ್ದವು. ಅಳಿಲು ಕಾಲೆಳೆಯುತ್ತಿದ್ದಳು.

"ಅಮ್ಮ, ಕಾಲು ನೋಯ್ತಿದೆ."

ಎತ್ತಿಕೊಂಡೆ. ಅವಳ ಗದ್ದ ನನ್ನ ಹೆಗಲ ಮೇಲಿತ್ತು.

"ಅಮ್ಮ, ಮನೆಗೆ ಹೋಗೋಣ."

ಮೆಟ್ಟಿಲು ಎದುರಿಗೇ ಇತ್ತು. ಅದನ್ನು ದಾಟಿ ನಡೆದೆ.

"ಇನ್ನೊಂದು ಬೀದಿ" ಎಂದೆ.

"ಆ ಬೀದೀಲಿದ್ಯಾ ನಮ್ಮನೆ?"

"ಹೂಂ" ಎಂದೆ.

ಅವಳು ತಲೆ ಎತ್ತಿ ಒಂದೊಂದೇ ಬಾಗಿಲನ್ನು ನೋಡತೊಡಗಿದಳು.