ಹಪ್ಪಳದ ನೆರಳು

ಹೆಗಡೆಕಟ್ಟಾದ ಗೌರಕ್ಕನ ಅಡುಗೆಮನೆಗೆ ಸೋಲಾರ್ ದೀಪ ಬಂದ ವರ್ಷ ಅವಳ ಬೆರಳುಗಳಿಗೆ ನೆಮ್ಮದಿಯಾಯಿತು. ಅದಕ್ಕೆ ಮೊದಲು ಕರೆಂಟು ಇರಲಿಲ್ಲವೆಂದಲ್ಲ. ಇತ್ತು, ಸಂಜೆಯಾದೊಡನೆ ಬಲ್ಬಿನೊಳಗಿನ ತಂತಿ ಕೆಂಪಗೆ ಕಾಣುವಷ್ಟು ಮಾತ್ರ. ಬಲ್ಬು ಉರಿಯುತ್ತಿದೆಯೋ ಎಂದು ನೋಡಲು ಚಿಮಣಿ ಬುಡ್ಡಿ ಹಿಡಿದು ಹೋಗಬೇಕಿತ್ತು. ಆ ಬೆಳಕಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತರೆ, ಸೌತೆಕಾಯಿ ಎಲ್ಲಿ ಮುಗಿಯಿತು, ಬೆರಳು ಎಲ್ಲಿ ಶುರುವಾಯಿತು ಎಂಬುದು ಮೊದಲು ಕತ್ತಿಗೆ ತಿಳಿಯುತ್ತಿತ್ತು, ಆಮೇಲೆ ಗೌರಕ್ಕನಿಗೆ.

ಹಾಗಾಗಿ ಆ ದೀಪವೆಂದರೆ ಅವಳಿಗೆ ಜೀವ. ಮನೆಯ ಮಾಡಿಗೆ ಹಲಸಿನ ಮರ ಅಡ್ಡವಿದ್ದುದರಿಂದ, ಶಿರಸಿಯ ಅಂಗಡಿಯಿಂದ ಬಂದಿದ್ದ ಕಿಶೋರ ಸೋಲಾರಿನ ಗಾಜನ್ನು ಅಂಗಳದಾಚೆ ಅಡಿಕೆ ಒಣಗಿಸುವ ಅಟ್ಟದ ಮೇಲೆ ಕೂರಿಸಿದ್ದ. ಧೂಳು ಕೂರಬಾರದು, ದಿನಾ ಒರೆಸಿ ಎಂದಿದ್ದ. ಗೌರಕ್ಕ ದೇವರ ಪೀಠಕ್ಕೂ ತೋರಿಸದ ಶ್ರದ್ಧೆಯಿಂದ ಒರೆಸಿದಳು.

ಏಪ್ರಿಲ್ ಬಂತು. ಅಡಿಕೆ ಕೆಲಸ ಮುಗಿದು ಗಂಡಸರು ಅಟ್ಟ ಹತ್ತುವುದನ್ನು ಬಿಟ್ಟರು. ಅಟ್ಟ ಹಪ್ಪಳದ ಪಾಲಾಯಿತು. ಚಾಪೆಗಳೆಲ್ಲ ತುಂಬಿ ಇನ್ನೂ ಹಲಸಿನ ಹಪ್ಪಳ ಉಳಿದಾಗ ಅವಳ ಕಣ್ಣು ಗಾಜಿನ ಮೇಲೆ ಬಿತ್ತು. ಕಾದ ಕಾವಲಿಯಂತಿದೆ, ಕಾಗೆ ಕೂತರೆ ಕಾಲು ಜಾರುತ್ತದೆ. ನಾಲ್ಕು ಹಾಕಿ ನೋಡಿದಳು. ಮಧ್ಯಾಹ್ನಕ್ಕೇ ಗರಿಗರಿ; ಒಂದೂ ಹರಿಯದೆ ಎದ್ದು ಬಂತು. ಮರುದಿನದಿಂದ ಗಾಜಿನ ತುಂಬ ಹಪ್ಪಳ.

ದೀಪಕ್ಕೆ ತೊಂದರೆಯಾದೀತೇ ಎಂದು ಅವಳು ಯೋಚಿಸದೆ ಇರಲಿಲ್ಲ. ಹಪ್ಪಳದ ಅಡಿಗೆ ಬೆರಳಿಟ್ಟು ನೋಡಿದ್ದಳು, ಗಾಜು ಚುರ್ರೆಂದಿತ್ತು. ಶಿರಸಿಯ ತಂಗಿಯ ಮನೆಯಲ್ಲಿ ಸ್ನಾನದ ನೀರು ಕಾಯಿಸುವ ಸೋಲಾರ್ ಇತ್ತಲ್ಲ, ಇದೂ ಅದರ ದಾಯಾದಿ. ಕಾವು ತಿಂದು ಉರಿಯುವಂಥದ್ದು, ಕಾವಿಗೇನು ಕೊರತೆ ಎಂದುಕೊಂಡಳು.

ದೀಪ ಮೊದಮೊದಲು ಊಟದ ಹೊತ್ತಿಗೆ ಮಂಕಾಯಿತು, ಆಮೇಲೆ ಹೊತ್ತಿಕೊಳ್ಳುವುದನ್ನೇ ಬಿಟ್ಟಿತು. ಜಗಲಿಯಲ್ಲಿ ಗಂಡ ವಿಘ್ನೇಶ್ವರ ಹೆಗಡೆಯ ಇಸ್ಪೀಟಿನಾಟಕ್ಕೂ ಕತ್ತಲು ಕವಿಯಿತು. ಹೆಗಡೆ ಬ್ಯಾಟರಿಗೆ ನೀರು ಹೊಯ್ದ, ವಯರು ಎಳೆದು ನೋಡಿದ, ಕೊನೆಗೆ ಬೈಯಲು ಕುಳಿತ. ಕರಿದ ಹಪ್ಪಳ ಕಡಿಯುತ್ತ, ಥೇಟ್ ಕಿಶೋರನ ಮೂಗುದನಿಯಲ್ಲಿ ‘ಮೂರು ದಿನ ಮೋಡ ಇದ್ರೂ ಚಿಂತೆ ಇಲ್ಲ ಸಾರ್’ ಎಂದು ಅಣಕಿಸಿ ಇಸ್ಪೀಟಿನವರನ್ನು ನಗಿಸಿದ. ಹೆಸರಿನಲ್ಲೇ ಬರೆದಿದೆ, ಮೊದಲು ಸೋಲು, ಆಮೇಲೆ ಆರು ಎಂದ. ನಗು ಮುಗಿದ ಮೇಲೆ ಅಂಗಡಿಗೆ ಫೋನು ಮಾಡಿ, ಬಿಚ್ಚಿಕೊಂಡು ಹೋಗಿ ಎಂದುಬಿಟ್ಟ. ಇನ್ನೊಂದು ವಾರ ನೋಡುವ ಎಂದು ಗೌರಕ್ಕ ಕೇಳಿದ್ದು ಇಸ್ಪೀಟು ಕಲೆಸುವ ಸದ್ದಿನಲ್ಲಿ ಮುಳುಗಿತು. ಬುಡ್ಡಿಯ ಬತ್ತಿ ಏರಿಸಿ ಅವಳು ಮತ್ತೆ ಮೆಟ್ಟುಗತ್ತಿಯ ಮುಂದೆ ಕುಳಿತಳು.

ಕಿಶೋರ ಬಂದದ್ದು ನಡುಮಧ್ಯಾಹ್ನ. ಜಗಲಿಯ ಗೋಡೆಯಲ್ಲಿದ್ದ ಸೋಲಾರಿನ ಡಬ್ಬಿ ತೆರೆದು ಪರೀಕ್ಷಿಸತೊಡಗಿದ. ಇನ್ನು ಇವನು ಅಟ್ಟ ಹತ್ತಿ ಹಪ್ಪಳ ತುಳಿದಾನು ಎಂದು ಗೌರಕ್ಕ ಏಣಿ ಹತ್ತಿ, ಗಾಜಿನ ಮೇಲಿದ್ದುದನ್ನೆಲ್ಲ ಬಾಚಿ ಸೆರಗಿಗೆ ತುಂಬಿಕೊಂಡಳು. ಕೆಳಗೆ ಡಬ್ಬಿಯಲ್ಲಿ ಪುಟ್ಟ ಹಸಿರು ದೀಪ ಹೊತ್ತಿಕೊಂಡಿತು.

“ಅಮ್ಮಾ, ಮೇಲೆ ಏನು ಮಾಡಿದ್ರಿ? ಚಾರ್ಜ್ ಆಗ್ತಾ ಇದೆ,” ಎನ್ನುತ್ತ ಕಿಶೋರ ಏಣಿ ಹತ್ತಿದ. ಗಾಜಿನ ಮೇಲೆ ಸಾಲುಸಾಲಾಗಿ ದುಂಡನೆಯ ಗುರುತು, ಎದುರಿಗೆ ಗೌರಕ್ಕನ ಉಬ್ಬಿದ ಸೆರಗು. ಗಾಜಿಗೆ ಬೇಕಾದದ್ದು ಬೆಳಕು, ಕಾವಲ್ಲ ಎಂದು ಮೆಲ್ಲಗೆ ತಿಳಿಸಿ ಕೆಳಗಿಳಿದ. ಏನೋ ಸ್ವಲ್ಪ ನೆರಳು ಬೀಳುತ್ತಿತ್ತು, ಈಗ ಸರಿಯಾಯಿತು ಎಂದು ಹೆಗಡೆಗೆ ಹೇಳಿದ.

ಹೆಗಡೆ ತಲೆಯೆತ್ತಿ, ಅಟ್ಟದತ್ತ ಚಾಚಿದ್ದ ಹಲಸಿನ ಟೊಂಗೆ ನೋಡಿದ. “ನೆರಳಾ? ತಡಿ ತಮಾ, ಆ ಟೊಂಗೆ ಇವತ್ತೇ ಉರುಳಿಸ್ತೆ.” ಒಳಗೆ ಹೋಗಿ ಕತ್ತಿ ತಂದ. ಕಾಯಿ ಜೋತಾಡುತ್ತಿದ್ದ ಟೊಂಗೆ ಅದೊಂದೇ.

ಸುಮ್ಮನಿದ್ದರೆ ದೀಪ ಉಳಿಯುತ್ತದೆ, ಮಾನವೂ ಉಳಿಯುತ್ತದೆ. ಬಾಯಿ ಬಿಟ್ಟರೆ ದೀಪಾವಳಿಯವರೆಗೂ ಜಗಲಿಯಲ್ಲಿ ಅವಳದೇ ಅಣಕ. ಸಿಟ್ಟಿನಲ್ಲಿ ಡಬ್ಬಿ ಬಿಚ್ಚಿಸಿದರೂ ಬಿಚ್ಚಿಸಿದನೇ. ಗೌರಕ್ಕ ಏಣಿಯಿಳಿದು ಗಂಡನಿಗೆ ಸೆರಗಿನಲ್ಲಿದ್ದ ಹಪ್ಪಳ ತೋರಿಸಿದಳು.

“ಕತ್ತಿ ಇಡಿ. ನೆರಳು ಮರದ್ದಲ್ಲ, ಹಪ್ಪಳದ್ದು. ಆನೇ ಅದ್ರ ಮೇಲೆ ಹಾಕ್ತಿದ್ದೆ. ಕಾವು ತಿಂತು ಅಂದ್ಕಂಡಿದ್ದೆ, ಬೆಳಕು ತಿಂತು ಹೇಳಿ ಗೊತ್ತಿತ್ತಿಲ್ಲೆ.”

ಹೆಗಡೆ ಅಣಕಕ್ಕೆಂದು ಬಾಯಿ ತೆರೆದ. ಯಾರ ದನಿಯೂ ಬರಲಿಲ್ಲ. ಸೆರಗಿನಿಂದ ಒಂದು ಹಪ್ಪಳ ಎತ್ತಿಕೊಂಡು, ತನ್ನ ಎದೆಗೆ ಬೆರಳಿಟ್ಟು ತನ್ನದೇ ದನಿಯಲ್ಲಿ ಕೇಳಿದ:

“ಅಂದ್ರೆ, ಇಷ್ಟು ದಿನ ದೀಪ ತಿಂದವ ಆನೇಯಾ?”

ಕಿಶೋರ ಕೆಮ್ಮಿ ಮುಖ ತಿರುಗಿಸಿದ. ಹೆಗಡೆ ಕತ್ತಿಯನ್ನು ಕಂಬಕ್ಕೆ ಒರಗಿಸಿ, ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಳ್ಳಲು ಅವನಿಗೆ ಹೇಳಿದ. ಆಮೇಲೆ, ಕೆಟ್ಟುಹೋದ ಇಂಥದೇ ಗಾಜು ಅಂಗಡಿಯಲ್ಲಿ ಬಿದ್ದಿದ್ದರೆ ಒಂದನ್ನು ತಂದುಕೊಡಲು ಆಗುವುದೋ ಎಂದು ವಿಚಾರಿಸಿದ.