ಕಣ್ಣಿಲ್ಲದ ಬಾಗಿಲು

ಬೆನ್ನಿಗೆ ಚೀಲ ಕಟ್ಟಿಕೊಂಡು ಊರೂರು ಸುತ್ತುವುದು ಸುಖ ಎಂದು ಹೇಳಿದವನ ಚೀಲದಲ್ಲಿ ಬರೀ ಹತ್ತಿ ಇದ್ದಿರಬೇಕು. ಲುವಾಳ ಚೀಲದಲ್ಲಂತೂ ಅರ್ಧ ಸಾಯ್‌ಗಾನ್ ಪಟ್ಟಣವೇ ಕೂತಿತ್ತು, ಕೂತದ್ದು ಸಾಲದೆಂದು ಆಗಾಗ ಎದ್ದು ಕುಣಿಯುತ್ತಲೂ ಇತ್ತು. ಹಿಮ್ಮಡಿಯಲ್ಲಿ ಬೊಕ್ಕೆ ಎದ್ದು, ಒಡೆದು, ಅದರ ಮೇಲೆ ಮತ್ತೊಂದು ಎದ್ದಿತ್ತು.

ಟೆಟ್ ಹಬ್ಬದ ಮೊದಲ ಬೆಳಗು, ಹೊಸ ವರ್ಷದ ಮೊದಲ ಬಿಸಿಲು. ಹೋಯ್ ಆನ್ ಊರಿನ ಹಳೇ ಪೇಟೆಯಲ್ಲಿ ಒಂದು ನರಪಿಳ್ಳೆ ಇಲ್ಲ. ಮಾರುಕಟ್ಟೆ ಮುಚ್ಚಿದೆ, ನೂಡಲ್ ಮಾರುವವಳ ಒಲೆ ತಣ್ಣಗೆ ಮಲಗಿದೆ. ಈ ದಿನ ಗುಡಿಸಿದರೆ ಕಸದ ಜೊತೆ ಅದೃಷ್ಟವೂ ಹೊರಗೆ ಹೋಗುತ್ತದೆಂದು ಹಳದಿ ಹೂವಿನ ಎಸಳುಗಳನ್ನು ಬಿದ್ದಲ್ಲೇ ಬಿಟ್ಟಿದ್ದಾರೆ. ಆ ಎಸಳುಗಳ ಮೇಲೆ ಲುವಾ ಮತ್ತು ಅವಳ ಗಂಡ ಕ್ವಾಂಗ್ ಕಾಲೆಳೆದುಕೊಂಡು ಬರುತ್ತಿದ್ದರು. ಹಿಂದೆ ಒಂದು ಕಂದು ನಾಯಿ. ಬಸ್ ನಿಲ್ದಾಣದ ಹತ್ತಿರ ಲುವಾ ಅದಕ್ಕೆ ಬ್ರೆಡ್ಡಿನ ತುಂಡೊಂದನ್ನು ಹಾಕಿದ್ದಳು. ಆಗಿನಿಂದ ಅದು ಸಾಲ ವಸೂಲಿಗೆ ಬಂದವರ ಹಾಗೆ ಹಿಂಬಾಲಿಸುತ್ತಿತ್ತು.

ಹಬ್ಬದ ಹೊತ್ತಲ್ಲಿ ಮನೆ ಬಿಟ್ಟು ತಿರುಗುವ ಹುಚ್ಚರು ಆ ದೇಶದಲ್ಲಿ ಇಲ್ಲ. ಇವರು ತಿರುಗುತ್ತಿದ್ದುದಕ್ಕೆ ಕಾರಣ ಬೇರೆ. ಹೋದ ಮಳೆಗಾಲದಲ್ಲಿ ಲುವಾಳ ತಾಯಿ ತೀರಿಹೋಗಿದ್ದಳು. ಸೂತಕದವರು ಟೆಟ್‌ನಲ್ಲಿ ಯಾರ ಹೊಸ್ತಿಲೂ ತುಳಿಯಬಾರದು, ತುಳಿದರೆ ಆ ಮನೆಗೆ ವರ್ಷವಿಡೀ ದುರದೃಷ್ಟ. ಅಣ್ಣನ ಮನೆಗೆ ಹೋಗುವಂತಿಲ್ಲ, ಪಕ್ಕದ ಮನೆಗೂ ಹೋಗುವಂತಿಲ್ಲ. ಕ್ವಾಂಗ್ ಸಾಯ್‌ಗಾನ್‌ನಲ್ಲಿ ಕ್ಷೌರದ ಅಂಗಡಿಯವನು, ಕತ್ತರಿಗಿಂತ ನಾಲಿಗೆ ಚುರುಕು. "ಮನೆಯಿಂದ ಮನೆಗೆ ಹೋಗೋ ಹಾಗಿಲ್ಲ ಅಂದ್ರೆ ಊರಿಂದ ಊರಿಗೆ ಹೋಗೋಣ ಬಾರೇ," ಅಂದಿದ್ದ. ಬೇಡ ಅನ್ನುವುದಕ್ಕೂ ಶಕ್ತಿ ಬೇಕಲ್ಲ, ಲುವಾಳಲ್ಲಿ ಅದೂ ಇರಲಿಲ್ಲ. ತಾಯಿ ಹೋದಾಗಿನಿಂದ ಅವಳಿಗೆ ಒಂದು ರಾತ್ರಿಯೂ ಪೂರ್ತಿ ನಿದ್ದೆ ಇಲ್ಲ. ನಿನ್ನೆ ಬಸ್ಸು ಸಿಗದೆ, ಮಾರಾಟವಾಗದ ಹೂಗಿಡಗಳನ್ನು ವಾಪಸು ಒಯ್ಯುತ್ತಿದ್ದ ಲಾರಿಯಲ್ಲಿ, ಕುಂಡಗಳ ನಡುವೆ ತಾನೂ ಒಂದು ಕುಂಡವಾಗಿ ಕೂತು ಬಂದಿದ್ದಳು.

"ಇನ್ನೆಷ್ಟು ದೂರಾರೀ?"

"ಇಲ್ಲೇ ಕಣೇ. ಮೂಗಿನ ನೇರಕ್ಕೆ."

"ಆಗಿಂದ ಅದೇ ಹೇಳ್ತಿದ್ದೀರ. ನಿಮ್ಮ ಮೂಗು ಎಲ್ಲಿಗೆ ಮುಗಿಯುತ್ತೆ ಅಂತ ಹೇಳಿಬಿಡಿ, ಅಲ್ಲೇ ಬಿದ್ಕೋತೀನಿ."

ಕೊನೆಗೆ ಮನೆ ಸಿಕ್ಕಿತು. ಹಳೆಯ ಮರದ ಮನೆ, ಬಾಗಿಲ ಮೇಲೆ ಮರದಲ್ಲಿ ಕಡೆದ ಎರಡು ದುಂಡನೆಯ ಕಣ್ಣುಗಳು. ಆ ಪೇಟೆಯ ಮನೆಗಳಿಗೆಲ್ಲ ಹಾಗೆ ಕಣ್ಣಿರುತ್ತವೆ, ಬರುವವರು ಎಂಥವರೆಂದು ಬಾಗಿಲು ನೋಡಿಕೊಳ್ಳಲಿ ಎಂದು. ಹಬ್ಬಕ್ಕೆ ಅವುಗಳ ಸುತ್ತ ಹೊಸ ಕೆಂಪು ಬಟ್ಟೆ ಕಟ್ಟಿದ್ದರು. ಲುವಾ ತಲೆ ಎತ್ತಿದಳು. ಆ ಕಣ್ಣುಗಳು ನೇರ ಅವಳ ಎದೆಯ ಮೇಲಿನ ಕಪ್ಪು ಬಟ್ಟೆಯ ಚೂರನ್ನೇ ನೋಡುತ್ತಿದ್ದಂತೆ ಅನ್ನಿಸಿತು. ಅದು ಸೂತಕದ ಗುರುತು, ಅಂಗಿಗೆ ಪಿನ್ನು ಹಾಕಿ ಸಿಕ್ಕಿಸಿದ್ದು. ಈಗ ಚೀಲದ ಪಟ್ಟಿ ಅದರ ಮೇಲೆ ಕೂತು ಮರೆಮಾಡಿತ್ತು.

ಒಳಗೆ, ಹೊಸ್ತಿಲಿಗೆ ಮೂಗು ತಾಗಿಸುವಷ್ಟು ಹತ್ತಿರ, ಹ್ವೆ ಅಜ್ಜಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಮನೆಯ ಹಿಂಭಾಗದ ಕೋಣೆಗಳನ್ನು ದಾರಿಹೋಕರಿಗೆ ಬಾಡಿಗೆಗೆ ಕೊಡುವವಳು ಇವಳೇ.

"ಅಲ್ಲೇ ನಿಲ್ರಪ್ಪಾ," ಎಂದು ಅಜ್ಜಿ ಎರಡೂ ಕೈ ಚಾಚಿದಳು. "ಒಳಗೆ ಕಾಲಿಡಬೇಡಿ, ನಿಮ್ಮ ದಮ್ಮಯ್ಯ."

"ರೂಮಿಗೆ ಫೋನ್ ಮಾಡಿದ್ವಲ್ಲ ಅಜ್ಜಿ," ಎಂದ ಕ್ವಾಂಗ್.

"ರೂಮ್ ಎಲ್ಲೂ ಓಡ್ಹೋಗಿಲ್ಲ. ಮೊದಲನೇ ಕಾಲು ಇನ್ನೂ ಬಿದ್ದಿಲ್ಲ."

ಅದು ಇಬ್ಬರಿಗೂ ಬಿಡಿಸಿ ಹೇಳಬೇಕಾದ ಮಾತಲ್ಲ. ಹೊಸ ವರ್ಷದಲ್ಲಿ ಮನೆಯೊಳಗೆ ಮೊದಲು ಬಂದವರು ಎಂಥವರೋ ಇಡೀ ವರ್ಷವೂ ಅಂಥದೇ. ಅದಕ್ಕೇ ಕಾಲ್ಗುಣದವರನ್ನು ಮೊದಲೇ ಗೊತ್ತುಮಾಡಿಟ್ಟಿರುತ್ತಾರೆ. ಅಜ್ಜಿ ಗೊತ್ತುಮಾಡಿದ್ದು ದೋಣಿಯ ತಾಮ್ ತಾತನನ್ನು. ಅವನು ಕಾಲಿಟ್ಟ ಮನೆಯ ಕೋಳಿ ಒಂದೇ ಮೊಟ್ಟೆಯಲ್ಲಿ ಮೂರು ಹಳದಿ ಇಡುತ್ತಿತ್ತಂತೆ. ಆದರೆ ಅಂಥವನು ಎಲ್ಲರಿಗೂ ಬೇಕು. ಹೋದ ಹೋದ ಮನೆಯಲ್ಲಿ ಕೊಟ್ಟ ಅಕ್ಕಿಯ ಹೆಂಡ ಕುಡಿದು, ಅವನೀಗ ಬೀದಿಯ ತುದಿಯ ಮನೆಯೊಂದರ ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

"ಹೋದ ವರ್ಷವೂ ಕೈಕೊಟ್ಟ ಮುದುಕ," ಎಂದಳು ಅಜ್ಜಿ. "ಮೊದಲು ಬಂದವಳು ನನ್ನ ನಾದಿನಿ. ಆಮೇಲೇನಾಯ್ತು? ನದಿ ಮನೆಯೊಳಗೆ ಬಂತು. ಮಹಡಿ ಮೇಲೆ ನನ್ನ ಹಾಸಿಗೇಲಿ ಬೆಕ್ಕಿನಷ್ಟು ದಪ್ಪ ಮೀನು ಮಲಗಿತ್ತು, ದಿಂಬು ಇಟ್ಕೊಂಡು. ಚಾವಣಿ ಹೋಯ್ತು, ನನ್ನ ಸೊಂಟ ಹೋಯ್ತು. ಇನ್ನೊಂದು ವರ್ಷ ಹಂಗಾದ್ರೆ ಈ ಮನೆ ಮಾರಬೇಕು ಮಗಾ."

"ನೀವೇ ಹೋಗಿ ಎಬ್ಬಿಸಿಕೊಂಡು ಬರಬಾರದಾ?"

"ನಾನು ಹೊರಗೆ ಹೋಗಿ ವಾಪಸ್ ಬಂದ್ರೆ ನಾನೇ ಮೊದಲನೇ ಕಾಲು ಆಗ್ತೀನಲ್ಲೋ. ಮುರಿದ ಸೊಂಟದ ವಿಧವೆ. ಬೆಳಗಿನಿಂದ ಹಿಂಗೇ ಕೂತಿದ್ದೀನಿ, ಬೋನಿಗೆ ಬಿದ್ದ ಇಲಿ ಹಾಗೆ."

ಅಜ್ಜಿ ಸ್ವಲ್ಪ ಹೊತ್ತು ಕ್ವಾಂಗ್‌ನನ್ನೇ ದಿಟ್ಟಿಸಿದಳು. "ನೀನು ಯಾವ ವರ್ಷದವನು?"

"ಕುದುರೆ ವರ್ಷ."

ಅಜ್ಜಿಯ ಮುಖ ದೀಪ ಹಚ್ಚಿದಂತಾಯಿತು. ಅಲ್ಲಿ ಹನ್ನೆರಡು ವರ್ಷಗಳಿಗೆ ಹನ್ನೆರಡು ಪ್ರಾಣಿಗಳ ಹೆಸರು; ಅವಳು ಹುಟ್ಟಿದ್ದು ಹುಲಿ ವರ್ಷದಲ್ಲಿ, ಹುಲಿಗೆ ಕುದುರೆ ಹೊಂದುತ್ತದೆ. "ಅಪ್ಪ ಅಮ್ಮ ಇದ್ದಾರಾ?"

"ಗುಂಡುಕಲ್ಲಿನ ಹಾಗೆ ಇದ್ದಾರೆ." ಅವನ ಅಪ್ಪ ಅಮ್ಮನ ಮಟ್ಟಿಗೆ ಇದು ನಿಜ.

"ಮನೇಲೆಲ್ಲಾ ಸುಖಾನಾ? ಸಾವು ನೋವು ಏನೂ..."

"ಸುಖ ಅಂದ್ರೆ ಸುಖ ಅಜ್ಜಿ. ನಮ್ಮನೆ ಜಿರಲೆಗಳೂ ಎರಡು ಸುತ್ತು ದಪ್ಪ ಆಗಿವೆ."

ಲುವಾ ಹಿಂದಿನಿಂದ ಅವನ ಚೀಲ ಜಗ್ಗಿದಳು. ಅವನು ತಿರುಗಿ ಪಿಸುಗುಟ್ಟಿದ, "ಸುಮ್ನಿರೇ. ಹಾಸಿಗೆ ಇದೆ ಒಳಗೆ. ನಿನ್ನ ಕಾಲು ನೋಡ್ಕೊ."

ಹಾಸಿಗೆ. ಆ ಮಾತು ಕೇಳಿ ಲುವಾ ಬಾಗಿಲಿನೊಳಗೆ ಇಣುಕಿದಳು. ಬರೀ ಒಂದು ಹೊಸ್ತಿಲು, ಮೊಳ ಎತ್ತರವೂ ಇಲ್ಲ. ಅವಳು ಬಾಯಿ ಮುಚ್ಚಿಕೊಂಡರೆ ಸಾಕು, ಮಲಗಬಹುದು. ಚೀಲದ ಪಟ್ಟಿಯಡಿ ಪಿನ್ನು ಎದೆಗೆ ಚುಚ್ಚಿತು. ಅಮ್ಮ ಬದುಕಿದ್ದಷ್ಟು ದಿನ ಒಬ್ಬರ ಮನೆಯಿಂದ ಉಪ್ಪು ಕಡ ತಂದರೂ ಸೂರ್ಯ ಮುಳುಗುವ ಮುಂಚೆ ತಿರುಗಿ ಕೊಟ್ಟವಳು. ಅಂಥವಳ ಸಾವನ್ನು ಬಚ್ಚಿಟ್ಟು ತಂದು, ಈ ಮುದುಕಿಯ ಮನೆಯೊಳಗೆ ಹಾಕಿ, ಅದರ ಪಕ್ಕ ನಿದ್ದೆ ಮಾಡುವುದೇ?

"ಬಾ ಮಗಾ, ಜೋರಾಗಿ ಹರಸಿಕೊಂಡು ಬಾ," ಎಂದಳು ಅಜ್ಜಿ.

ಕ್ವಾಂಗ್ ಕಾಲೆತ್ತಿದ. ಕಾಲು ಗಾಳಿಯಲ್ಲಿತ್ತು, ಬಾಯಲ್ಲಿ ಹಾರೈಕೆ ಅರ್ಧವಾಗಿತ್ತು. ಲುವಾ ಎರಡೂ ಕೈಯಿಂದ ಅವನ ಚೀಲ ಹಿಡಿದು ಎಳೆದಳು. ಅವನು ಹಿಂದಕ್ಕೆ ಬಿದ್ದ, ಚೀಲ ಕೆಳಗೆ, ಅವನು ಮೇಲೆ, ಮಗುಚಿದ ಆಮೆಯಂತೆ ಕೈಕಾಲು ಆಡಿಸುತ್ತ. ಲುವಾ ತನ್ನ ಚೀಲವನ್ನೂ ಇಳಿಸಿ ನೆಲಕ್ಕೆ ಹಾಕಿದಳು. ಕಪ್ಪು ಬಟ್ಟೆ ಬಿಸಿಲಿಗೆ ಬಂತು.

"ನಾವು ಸೂತಕದವರು ಅಜ್ಜಿ," ಅಂದಳು. "ನಮ್ಮಮ್ಮ ಹೋಗಿದ್ದಾಳೆ. ಇಷ್ಟು ಹೊತ್ತಿಗೆ ನಿಮ್ಮ ಮನೆಗೆಲ್ಲ ಜನ ಬಂದುಹೋಗಿರ್ತಾರೆ, ಹಿಂದಿನ ಕೋಣೆಗೆ ನುಸುಳ್ಕೊಂಡ್ರೆ ತಪ್ಪಾಗಲ್ಲ ಅಂತ ಬಂದ್ವಿ. ಮೊದಲನೇ ಕಾಲು ನಮ್ಮದಾಗಬಾರದು."

ಮೊದಲ ದಿನ ಬೈದರೆ ವರ್ಷವೆಲ್ಲ ಬೈಗುಳವೇ, ಹಾಗಾಗಿ ಅಜ್ಜಿ ಬೈಯುವಂತಿಲ್ಲ. ಕ್ವಾಂಗ್‌ನ ಕಡೆ ತಿರುಗಿ ಹಲ್ಲು ಕಚ್ಚಿ ನಕ್ಕಳು.

"ಚಿನ್ನದಂಥ ಮಗನೇ, ನಿನ್ನ ನಾಲಿಗೆ ನೂರು ವರ್ಷ ಬಾಳಲಿ. ಆ ನಾಲಿಗೆಗೆ ನನ್ನ ಮನೆಯಷ್ಟೇ ದೊಡ್ಡ ಬಾಗಿಲು ಸಿಗಲಿ, ಬಲವಾದ ಬೀಗ ಸಿಗಲಿ. ನಿನ್ನಂಥ ಮುತ್ತು ನನ್ನ ನಾದಿನಿಗೆ ಅಳಿಯನಾಗಿ ಸಿಗಲಿ."

"ನಿಮ್ಮ ಆಶೀರ್ವಾದ," ಎಂದ ಕ್ವಾಂಗ್, ಮಲಗಿದ್ದಲ್ಲಿಂದಲೇ. ಅವನ ಕಿವಿ ಕೆಂಪಾಗಿತ್ತು. "ಇವಳ ಕಾಲು ನೋಡೋಕಾಗಲ್ಲ ಅಜ್ಜಿ. ಅದಕ್ಕೇ ಅಂದೆ."

ಅಜ್ಜಿ ಲುವಾಳ ಕಾಲು ನೋಡಿದಳು. ಮರದ ಮಣೆಯೊಂದನ್ನು ಹೊಸ್ತಿಲಾಚೆ ತಳ್ಳಿದಳು. ಆಮೇಲೆ ಬಾಳೆಎಲೆಯಲ್ಲಿ ಬೇಯಿಸಿದ ಅಂಟಕ್ಕಿಯ ಕಡುಬಿನ ದಪ್ಪ ತುಂಡನ್ನು ತಂದು ಕೈಚಾಚಿ ಕೊಟ್ಟಳು. ಲುವಾ ಕೂತಳು. ಕೂತ ಮೇಲೆ ಇನ್ನು ಏಳಲಾರೆ ಅನ್ನಿಸಿತು. ಕಡುಬನ್ನು ಎರಡು ತುತ್ತು ತಿಂದಳು, ನಡುವಿನ ಹಂದಿಮಾಂಸವನ್ನು ಕಿತ್ತು ನಾಯಿಗೆ ಕೊಟ್ಟಳು.

ನಾಯಿ ಅದನ್ನು ಅಗಿಯದೆಯೇ ನುಂಗಿತು. ಮೂಗೆತ್ತಿತು. ಇದೇ ವಾಸನೆ ಒಳಗೆ ಹಿರಿಯರ ಪೀಠದ ಮೇಲಿಟ್ಟ ಎಡೆಯಿಂದ ಇನ್ನೂ ದೊಡ್ಡದಾಗಿ ಬರುತ್ತಿತ್ತು. ಯಾರು ಏನನ್ನುವ ಮುಂಚೆಯೇ ಅಜ್ಜಿಯ ಕುರ್ಚಿಯ ಪಕ್ಕದಿಂದ, ನಾಲ್ಕೂ ಕಾಲು ಒಟ್ಟಿಗೆ ಎತ್ತಿ, ಹೊಸ್ತಿಲು ಹಾರಿತು. ಪೀಠಕ್ಕೊಂದು ಸುತ್ತು ಹಾಕಿತು, ಬಾಲ ಆಡಿಸಿತು, ಅದರಡಿಯಲ್ಲೇ ಧೊಪ್ಪನೆ ಬಿದ್ದುಕೊಂಡು ನಿಟ್ಟುಸಿರು ಬಿಟ್ಟಿತು.

ಮೂವರೂ ಉಸಿರು ಹಿಡಿದು ನೋಡಿದರು.

"ಬೆಕ್ಕು ಬಂದ್ರೆ ಬಡತನ," ಎಂದಳು ಅಜ್ಜಿ ಮೆಲ್ಲಗೆ, ಅವಳ ಅಜ್ಜಿಯೂ ಹೇಳುತ್ತಿದ್ದ ಮಾತು. "ನಾಯಿ ಬಂದ್ರೆ ಸಿರಿ." ಆಮೇಲೆ ಗಾಬರಿಯಾಗಿ ಕೇಳಿದಳು, "ಇದು ಯಾರದು? ನಿಮ್ಮದಾ? ಇದಕ್ಕೂ ಸೂತಕಾನಾ?"

ಕ್ವಾಂಗ್ ಬಾಯಿ ತೆರೆದ, ಹೆಂಡತಿಯ ಮುಖ ನೋಡಿದ, ಮುಚ್ಚಿದ. ಲುವಾಳೇ ಹೇಳಿದಳು. "ಅಲ್ಲ ಅಜ್ಜಿ. ಒಂದು ತುಂಡು ಬ್ರೆಡ್ ಹಾಕಿದ್ದೆ. ಅದಕ್ಕೆ ಮನೆ ಇಲ್ಲ. ಹೆಸರೂ ಇಟ್ಟಿಲ್ಲ."

ಅಜ್ಜಿ ಎದ್ದಳು. ಹಬ್ಬದ ಕೆಂಪು ಬಟ್ಟೆಯ ಚೂರೊಂದನ್ನು ನಾಯಿಯ ಕೊರಳಿಗೆ ಕಟ್ಟಿ, ಅದರ ಮುಂದೆ ಮಾಂಸದ ತಟ್ಟೆ ಇಟ್ಟಳು. ಆಮೇಲೆ, ಬೆಳಗಿನಿಂದ ಮೊದಲ ಸಲ, ಸೊಂಟ ಹಿಡಿದು ಹೊಸ್ತಿಲು ದಾಟಿ ಬಿಸಿಲಿಗೆ ಬಂದು ಲುವಾಳ ಪಕ್ಕ ಮೆಟ್ಟಿಲ ಮೇಲೆ ಕೂತಳು.

"ನಾಯಿ ಬಂದಾಯ್ತು. ಇನ್ನು ನೀವೂ ಬನ್ನಿ," ಎಂದಳು.

ಲುವಾ ಮತ್ತೆ ತಲೆ ಎತ್ತಿ ಬಾಗಿಲ ಕಣ್ಣುಗಳನ್ನು ನೋಡಿದಳು. "ಕಾಲು ಬರ್ತಿಲ್ಲ ಅಜ್ಜಿ. ಇವತ್ತು ಇನ್ನೊಬ್ಬರ ಬಾಗಿಲೊಳಗೆ..."

ಅಜ್ಜಿ ಆ ಕಪ್ಪು ಬಟ್ಟೆಯನ್ನು ಬೆರಳ ತುದಿಯಿಂದ ಮುಟ್ಟಿ, ವಾರೆಯಾಗಿದ್ದುದನ್ನು ನೆಟ್ಟಗೆ ಮಾಡಿದಳು. "ತುಂಬಾ ದಿನ ಮಲಗಿದ್ದಳಾ ಅಮ್ಮ?"

"ಹೂಂ. ನಾನೇ ನೋಡ್ಕೊಂಡೆ. ರಾತ್ರಿಯೆಲ್ಲ ಎದ್ದಿರೋದು ಅಭ್ಯಾಸ ಆಗಿಬಿಡ್ತು. ಈಗ್ಲೂ ಯಾರೋ ಕರೆದಂಗಾಗುತ್ತೆ."

"ಏಳು," ಎಂದಳು ಅಜ್ಜಿ. "ಚೀಲ ಅವನು ಹೊರಲಿ, ಎರಡೂ. ನಾಲಿಗೆ ಅಷ್ಟು ಗಟ್ಟಿ ಇದ್ದವನ ಬೆನ್ನೂ ಗಟ್ಟಿ ಇರುತ್ತೆ."

ಪಕ್ಕದ ಓಣಿಯಿಂದ ಬಳಸಿಕೊಂಡು, ಗೋಡೆ ಹಿಡಿದು ನಡೆಯುತ್ತ, ಅಜ್ಜಿ ಅವರನ್ನು ನದಿಯ ಕಡೆಗೆ ಕರೆದೊಯ್ದಳು. ಆ ಮನೆಗಳು ಒಂದು ಬೀದಿಯಲ್ಲಿ ಶುರುವಾದರೆ ಇನ್ನೊಂದು ಬೀದಿಯಲ್ಲಿ ಮುಗಿಯುತ್ತವೆ. ಹಿಂದೆ ದೋಣಿಯಿಂದ ಅಕ್ಕಿಮೂಟೆ, ಉಪ್ಪು, ಮೆಣಸು ಇಳಿಸಿಕೊಳ್ಳುತ್ತಿದ್ದ ತಗ್ಗಿನ ಬಾಗಿಲೊಂದು ಅಲ್ಲಿತ್ತು. ಪ್ರವಾಹದ ಕೆಸರಿನ ಗೆರೆ ಇನ್ನೂ ಮಾಸಿರಲಿಲ್ಲ. ಅಜ್ಜಿ ಅದನ್ನು ಭುಜದಿಂದ ನೂಕಿ ತೆರೆದಳು.

"ಇದು ಸಾಮಾನು ಬರೋ ಬಾಗಿಲು," ಎಂದಳು. "ಭಾರ ಇದ್ದಿದ್ದೆಲ್ಲ ಇಲ್ಲಿಂದಲೇ ಒಳಗೆ ಹೋಗೋದು. ನೋಡ್ಕೊ, ಇದಕ್ಕೆ ಕಣ್ಣಿಲ್ಲ."

ಲುವಾ ಬಾಗಿಲ ನೆತ್ತಿ ನೋಡಿದಳು. ಬರೀ ಹಲಗೆ, ಒಂದೆರಡು ಮೊಳೆ. ತಲೆ ಬಗ್ಗಿಸಿ ಒಳಗೆ ಹೋದಳು. ಚಾಪೆ ಹಾಸಿದ ಮಂಚ ಇತ್ತು. ಚಪ್ಪಲಿ ಬಿಟ್ಟಳೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ.

ಬಿಸಿಲು ನೆತ್ತಿಗೇರಿದಾಗ ತಾಮ್ ತಾತ ಇಸ್ತ್ರಿ ಮಾಡಿದ ಉದ್ದಂಗಿ ತೊಟ್ಟು ಮುಂಬಾಗಿಲಿಗೆ ಬಂದು, ಗಂಟಲು ಸರಿಮಾಡಿಕೊಂಡು, ಹಾರೈಕೆಗೆ ಬಾಯಿ ತೆರೆದ. ಒಳಗಿನಿಂದ ಕೆಂಪು ಪಟ್ಟಿಯ ನಾಯಿ ಅವನನ್ನು ನೋಡಿ ಒಮ್ಮೆ ಬೊಗಳಿತು.

"ಮೆಲ್ಲಗೋ," ಎಂದು ಅಜ್ಜಿ ಗದರಿದಳು, ನಾಯಿಗೋ ತಾತನಿಗೋ ತಿಳಿಯಲಿಲ್ಲ. "ಒಳಗೆ ಹುಡುಗಿ ಮಲಗಿದೆ."

ಹಿಂದಿನ ಕೋಣೆಯಲ್ಲಿ ಕ್ವಾಂಗ್ ಹೆಂಡತಿಯ ಕಾಲ ಬಳಿ ಕೂತು, ಬಾಯಿ ಮುಚ್ಚಿಕೊಂಡು, ಬೊಕ್ಕೆಗಳ ಮೇಲಿನ ನೊಣ ಓಡಿಸುತ್ತಿದ್ದ. ಲುವಾ ಒಮ್ಮೆಯೂ ಮಗ್ಗುಲು ಬದಲಿಸಲಿಲ್ಲ.