ಅವ್ವನ ಬಳ್ಳೊಳ್ಳಿಯ ಹನ್ನೊಂದು ಎಸಳು

ಅವ್ವ ತೀರಿಕೊಂಡ ಮೇಲೆ ಅಡಿಗೆಮನೆಯ ಮೊಳೆಗೆ ಜೋತುಬಿದ್ದ ಬೆಳ್ಳುಳ್ಳಿ ಜಡೆಯಲ್ಲಿ ಒಂದೇ ಗಡ್ಡೆ ಉಳಿದಿತ್ತು. ಜವಾರಿ ತಳಿ; ಗಾತ್ರ ಸಣ್ಣದು, ಸಿಪ್ಪೆ ತುಸು ನೇರಳೆ, ಜಜ್ಜಿದರೆ ಪಡಸಾಲೆಯವರೆಗೂ ಘಾಟು. ಹಳೇ ಬಾಗಲಕೋಟೆಯ ನಮ್ಮ ಹಿತ್ತಲು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಅವ್ವ ಮೊದಲು ಗಂಟು ಕಟ್ಟಿಕೊಂಡದ್ದು ಈ ಬೀಜವನ್ನು. ಆಮೇಲೆ ನವನಗರದ ಈ ಮನೆಯ ಮುಂದಿನ ಎರಡು ಮೊಳ ಮಣ್ಣಿನಲ್ಲಿ, ಪ್ರತಿ ವರ್ಷ ಸೀಗಿ ಹುಣ್ಣಿಮೆಯ ಮರುದಿನ ಊರುತ್ತಿದ್ದಳು. ಪೇಟೆಯ ದಪ್ಪ ಬೆಳ್ಳುಳ್ಳಿಗೆ ಆ ಘಾಟಿಲ್ಲ. ಈ ಸಲ ನಾನು ಊರಿದ್ದು ಕೆಟ್ಟರೆ ಆ ತಳಿ ಅಲ್ಲಿಗೆ ಮುಗಿಯಿತು.

ಬಿಡಿಸಿದೆ. ಹನ್ನೊಂದು ಎಸಳು. ಸಾಲದೆಂಬಂತೆ ಮತ್ತೊಮ್ಮೆ ಎಣಿಸಿದೆ.

ಅಷ್ಟರಲ್ಲಿ ಪಕ್ಕದ ಮನೆಯ ಮೆಹರುನ್ನಿಸಾ ಅಕ್ಕ ಬಾಗಿಲಿಗೆ ಬಂದರು. ಹಳೇ ಊರಿನಲ್ಲೂ ನಮ್ಮ ಓಣಿಯವರೇ.

"ಬನಶಂಕ್ರಿ, ನಿಮ್ಮವ್ವನ ಬಳ್ಳೊಳ್ಳಿ ಏನ? ನನಗೂ ಎರಡ ಎಸಳ ಕೊಡವಾ. ಆಕಿ ವರ್ಷಾ ಕೊಡ್ತಿದ್ಲು, ನಾ ಚಟ್ನಿಗೆ ಹಾಕಿ ಮುಗಸ್ತಿದ್ದೆ. ಈ ಸರ್ತಿ ಒಡದ ಬಕೆಟ್ಟಿನ್ಯಾಗ ಹಚ್ಚಿ ನೋಡ್ತೇನಿ."

ಕೊಡುವಾಗ ಅವ್ವನ ಕೈ ದೊಡ್ಡವನ್ನೇ ಆರಿಸುತ್ತಿತ್ತು. ನನ್ನ ಕೈ ಗಡ್ಡೆಯ ನಡುವಿನ ಎರಡು ಸಣಕಲು ಎಸಳುಗಳನ್ನು ಆರಿಸಿತು. ಅಕ್ಕ ಅವನ್ನು ಅಂಗೈಯಲ್ಲಿ ನೋಡಿದರು. ಸೆರಗಿನ ತುದಿಗೆ ಕಟ್ಟಿಕೊಂಡರು.

ಉಳಿದ ಒಂಬತ್ತನ್ನು ತುದಿ ಮೇಲೆ ಮಾಡಿ ಗೇಣಿಗೊಂದರಂತೆ ಊರಿದೆ. ಅವ್ವ ನೀರು ಎಷ್ಟು ಹಾಕುತ್ತಿದ್ದಳು? ಇಪ್ಪತ್ತು ವರ್ಷ ನೋಡಿದ್ದೇನೆ, ಒಮ್ಮೆಯೂ ಕೇಳಿಲ್ಲ. ಒಣಗಿತೆಂದು ಬೆಳಿಗ್ಗೆ ಹಾಕಿದೆ, ಕಡಿಮೆಯಾಯಿತೇನೋ ಎಂದು ಸಂಜೆ ಹಾಕಿದೆ. ಬೇರು ಬಂತೋ ಇಲ್ಲವೋ ಎಂದು ನಾಲ್ಕನೇ ದಿನ ಒಂದನ್ನು ಕೆದರಿ ನೋಡಿದೆ. ಎಂಟನೇ ದಿನ ಎಲ್ಲವನ್ನೂ.

"ದಿನಾ ಎಬ್ಬಿಸಿ ಕೇಳಿದ್ರ ಅದು ಯಾವಾಗ ನಿದ್ದಿ ಮಾಡಬೇಕ?" ಕಂಪೌಂಡಿನ ಆಚೆಯಿಂದ ಅಕ್ಕ ನಕ್ಕರು.

"ಅವ್ವಂದು ಇದೊಂದ ಉಳದೈತ್ರಿ ಅಕ್ಕಾ."

"ಅದಕ್ಕ ಹೇಳಾಕತ್ತೇನಿ, ಅದರ ಪಾಡಿಗೆ ಬಿಡು."

ಬಿಡಲಾಗಲಿಲ್ಲ. ತಿಂಗಳು ಕಳೆದು ಗೌರಿ ಹುಣ್ಣಿಮೆಯ ಹೊತ್ತಿಗೆ ಒಂಬತ್ತೂ ಕೊಳೆತು ಬೆರಳಿಗೆ ಮೆತ್ತಿದವು. ಅಕ್ಕನಿಗೆ ಹೇಳಲಿಲ್ಲ. ಅವರ ಬಕೆಟ್ಟಿನ ಕಡೆ ನೋಡಲೂ ನಾಚಿಕೆ.

ಓಣಿಯಲ್ಲಿ ಹೋಳಿಯ ಹಲಗೆ ಸದ್ದು ಶುರುವಾದ ವಾರ ಅಕ್ಕ ಬಂದರು. ಒಂದು ಕೈಯಲ್ಲಿ ಮಣ್ಣು ಮೆತ್ತಿದ ಗಡ್ಡೆ, ಇನ್ನೊಂದರಲ್ಲಿ ಬಟ್ಟಲು.

"ಎರಡೂ ಬದುಕಿದ್ವು. ಒಂದನ್ನ ಶೇಂಗಾ ಚಟ್ನಿಗೆ ಕುಟ್ಟಿಬಿಟ್ಟೆ, ತಡಕೊಳ್ಳಾಕ ಆಗ್ಲಿಲ್ಲ. ಇದು ನಿಂದು."

"ಅಕ್ಕಾ, ನಾ ನಿಮಗ ಸಣ್ಣವು ಕೊಟ್ಟಿದ್ದೆ."

"ನನಗ ಕಣ್ಣಿಲ್ಲೇನ? ರೊಟ್ಟಿ ಅದಾವೋ ಇಲ್ಲೋ ಹೇಳು."

ಕಟಕ ರೊಟ್ಟಿ ಮುರಿದು ಚಟ್ನಿ ಹಚ್ಚಿಕೊಂಡೆ. ಘಾಟು ಮೂಗಿಗೇರಿತು. ಹಳೇ ಮನೆಯ ಅಡಿಗೆಮನೆ, ಒರಳಿನ ಮುಂದೆ ಅವ್ವ, ಶಾಲೆಗೆ ಹೊತ್ತಾಯಿತೆಂದು ಅಳುತ್ತ ನಿಂತ ನಾನು. ತುತ್ತು ಬಾಯಲ್ಲೇ ಉಳಿಯಿತು.

"ಖಾರ ಆತೇನ?"

"ಇಲ್ರಿ. ಬರೋಬ್ಬರಿ ಐತಿ."

ಗಡ್ಡೆಯನ್ನು ಅದೇ ಮೊಳೆಗೆ ಕಟ್ಟಿದೆ. ಏಳು ತಿಂಗಳು ಅದನ್ನು ಮುಟ್ಟದಿರುವುದೇ ನನಗೊಂದು ಕೆಲಸವಾಯಿತು. ನಿನ್ನೆ ಸೀಗಿ ಹುಣ್ಣಿಮೆ ಮುಗಿಯಿತು. ಇಂದು ಬಿಡಿಸಿದರೆ ಎಂಟು ಎಸಳು. ಎಲ್ಲಕ್ಕಿಂತ ದೊಡ್ಡ ನಾಲ್ಕನ್ನು ಅಂಗೈಯಲ್ಲಿ ಹಿಡಿದು, ಮನಸ್ಸು ಬದಲಾಗುವ ಮುಂಚೆ ಪಕ್ಕದ ಮನೆಯ ಬಾಗಿಲು ತಟ್ಟಿದೆ.

"ಅಕ್ಕಾ, ನೀರ ಎಷ್ಟ ಹಾಕಬೇಕ್ರಿ?"